ಹೋಲ್ಡಾನ್

ಇಪ್ಪತ್ತಾರು ವರ್ಷ ಏನೂ ಹಿಡಿಯದೆ ನಿಂತವಳು ನಾನು.
ಎಡಗೈಯಲ್ಲಿ ಟಿಕೆಟ್ಟಿನ ಕಟ್ಟು, ಬಲಗೈಯಲ್ಲಿ ಚಿಲ್ಲರೆ,
ಸೊಂಟ ಯಾವುದೋ ಸೀಟಿನ ಮೂಲೆಗೆ ಒಂಚೂರು ತಾಗಿದ್ದರೆ ಸಾಕು,
ಮಾಗಡಿ ರೋಡಿನ ಗುಂಡಿ ಬರುವ ಮೊದಲೇ
ಮೊಣಕಾಲಿಗೆ ಸುದ್ದಿ ಮುಟ್ಟುತ್ತಿತ್ತು.
ಸುಮನಹಳ್ಳಿ ತಿರುವಿನಲ್ಲಿ ಚಿಕ್ಕಹನುಮಯ್ಯ ಸ್ಟೀರಿಂಗ್ ಸುತ್ತಿದರೆ
ಬಸ್ಸಿಗೆ ಬಸ್ಸೇ ಒಂದು ಕಡೆ ವಾಲಿ ಅಯ್ಯೋ ಅನ್ನುತ್ತಿತ್ತು,
ನಾನು ಯಾರಿಗೋ ಕೊಡಬೇಕಾದ ಎಂಟಾಣೆ ಹುಡುಕುತ್ತಿದ್ದೆ.

ಈಗ ನೆಲ ಎಲ್ಲೂ ಹೋಗುವುದಿಲ್ಲ.
ಶ್ರೀರಾಂಪುರದ ಬಾಡಿಗೆ ಮನೆ, ಕೆಂಪು ಗಾರೆ,
ನಾನು ಹುಟ್ಟುವ ಮುಂಚಿನಿಂದಲೂ ಅಲ್ಲೇ ಇದೆ.
ಅದರ ಮೇಲೆ ನಿಂತು ತೂರಾಡುತ್ತೇನೆ.

ಹೊಸೂರು ರೋಡಿನ ಆಸ್ಪತ್ರೆಯಲ್ಲಿ ಆರು ಸಲ ಡ್ರಿಪ್ಪು ಏರಿಸಿದರು.
ಗಡ್ಡೆ ಇಳಿದು ಹೋಯಿತು. ಹೋಗುವಾಗ
ಪಾದದ ನರಗಳನ್ನೂ ಕರೆದುಕೊಂಡು ಹೋಯಿತು.

ಜೋಮು ಎನ್ನುತ್ತೇನೆ, ಬೇರೆ ಪದ ಸಿಕ್ಕಿಲ್ಲ.
ಜೋಮು ಅಂದರೆ ಹತ್ತು ನಿಮಿಷಕ್ಕೆ ಬಿಡುವಂಥದ್ದು,
ಇದು ಎರಡು ಯುಗಾದಿ ಕಳೆದರೂ ಬಿಟ್ಟಿಲ್ಲ.
ಹಗಲು ಹತ್ತಿಯ ಮೇಲೆ ನಡೆದಂತೆ,
ರಾತ್ರಿ ಅದೇ ಹತ್ತಿಯೊಳಗೆ ಯಾರೋ ಸೂಜಿ ಮರೆತಂತೆ.
ಒಂದು ದಿನ ಹಾಲಿನ ಬೂತಿಗೆ ಹೋಗಿ ಬಂದೆ,
ಎಡಗಾಲಿನ ಚಪ್ಪಲಿ ಅಲ್ಲೇ ಬಿಟ್ಟು.
ನನಗೆ ಅದನ್ನು ಹೇಳಿದ್ದು ಕಾಲಲ್ಲ, ಎದುರು ಮನೆಯ ಹುಡುಗ.

"ಕಣ್ಣು ಮುಚ್ಚಿ ನಿಂತ್ಕೊಳ್ಳಿ ಆಂಟಿ, ಹಿಂದೆ ನಾನಿದೀನಿ"
ಅಂದಳು ಫಿಸಿಯೋ ಹುಡುಗಿ ನಿಖತ್.
ಮುಚ್ಚಿದೆ. ಮೂರು ಎಣಿಸುವುದರೊಳಗೆ ಅವಳ ತೋಳಿನಲ್ಲಿದ್ದೆ.
ಅಂದರೆ ಇಷ್ಟು ದಿನ ನಾನು
ಕಣ್ಣಿನಿಂದ ನಿಲ್ಲುತ್ತಿದ್ದೆ.
ಅದಕ್ಕೇ ಮುಖಕ್ಕೆ ಸೋಪು ಹಚ್ಚಿದರೆ ಬಚ್ಚಲ ಗೋಡೆ ಮೈಮೇಲೆ ಬರುವುದು,
ಅದಕ್ಕೇ ಕರೆಂಟು ಹೋದರೆ ನಿಂತಲ್ಲೇ ಕೂತುಬಿಡುವುದು,
ಅದಕ್ಕೇ ಈಚೆಗೆ ಅಣ್ಣಮ್ಮನ ಮುಂದೆ
ಕಣ್ಣು ಬಿಟ್ಟುಕೊಂಡೇ ಕೈ ಮುಗಿಯುವುದು.
ಅವಳೂ ನನ್ನನ್ನು ನೋಡುತ್ತಿರಲಿ.

ಬೆರಳ ತುದಿಗೂ ಬಂದಿದೆ.
ಒಂದು ರೂಪಾಯಿ, ಎರಡು ರೂಪಾಯಿ,
ಚೀಲದ ಕತ್ತಲೊಳಗೇ ಬೇರೆ ಮಾಡುತ್ತಿದ್ದ ಬೆರಳು.
ಇದರ ಬಗ್ಗೆ ಹೆಚ್ಚು ಮಾತಾಡಲಾರೆ.

ಬೆಳಿಗ್ಗೆ ಅಡುಗೆಕಟ್ಟೆಗೆ ಕೈಯಿಟ್ಟು ಅಭ್ಯಾಸ.
ಒಂದು ಕಾಲಿನ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ,
ಒಲೆಯಿಂದ ಫ್ರಿಡ್ಜಿಗೆ ಹನ್ನೊಂದು ಹೆಜ್ಜೆ.
ಕುಕ್ಕರ್ ಒಂದು ವಿಶಲ್ ಹಾಕಿದರೆ ನಿಲ್ಲುತ್ತೇನೆ,
ಎರಡನೆಯದಕ್ಕೆ ಹೊರಡುತ್ತೇನೆ.
ಹಳೇ ಅಭ್ಯಾಸ, ಬೇಳೆ ಬೇಯುತ್ತದೆ.

ಕೋಲು ಬೇಡವೆಂದು ಆರು ತಿಂಗಳು ಜಗಳವಾಡಿದೆ.
ಈಗ ಅದರ ತುದಿಯ ರಬ್ಬರು ಸವೆದಿದೆಯಾ
ಎಂದು ಟೈರು ನೋಡಿದ ಹಾಗೆ ನೋಡುತ್ತೇನೆ.
ಫುಟ್‌ಪಾತಿನಲ್ಲಿ ತಲೆ ತಗ್ಗಿಸಿ, ಕಾಲು ಎಲ್ಲಿದೆ ಎಂದು ನೋಡುತ್ತ ಹೋಗುವಾಗ
ಯಾರಿಗೂ ಗುರುತು ಸಿಗುವುದಿಲ್ಲ.
ಅಲುಗಾಡುವ ಚಪ್ಪಡಿ, ಬಾಯಿ ಬಿಟ್ಟ ಮೋರಿ,
ಇಲ್ಲಿ ಎಲ್ಲರೂ ನೆಲ ನೋಡಿಯೇ ನಡೆಯುತ್ತಾರೆ.
ಈ ಊರಿಗೆ ಅಷ್ಟರಮಟ್ಟಿಗೆ ಋಣಿ.

ಮೊನ್ನೆ ಬಸ್ಸು ಹತ್ತಿದೆ, ಒಬ್ಬಳೇ.
ಕಂಡಕ್ಟರ್ ಹುಡುಗಿಗೆ ನಾನು ಯಾರೆಂದು ಗೊತ್ತಿಲ್ಲ,
ಸೊನ್ನೆ ರೂಪಾಯಿ ಟಿಕೆಟ್ಟು ಹರಿದು ಕೊಟ್ಟು
"ಗಟ್ಟಿಯಾಗಿ ಹಿಡ್ಕೊಳ್ಳಮ್ಮ" ಅಂದಳು.
ನಾನು ಎಷ್ಟು ಸಾವಿರ ಜನಕ್ಕೆ ಅಂದಿದ್ದೆ,
ಒಬ್ಬರಾದರೂ ಕೇಳಿದ್ದರೆ?
ಹಿಡಿದೆ. ಕಂಬದೊಳಗಿಂದ ಇಂಜಿನ್ನಿನ ನಡುಕ
ಅಂಗೈಗೆ ಬಂತು. ಅಷ್ಟು ಇನ್ನೂ ಬರುತ್ತದೆ.
ತಿರುವಿನಲ್ಲಿ ಎಲ್ಲರೂ ವಾಲಿದರು,
ನಾನೂ ವಾಲಿದೆ,
ಎಲ್ಲರಷ್ಟೇ.

"ಹೋಲ್ಡಾನ್, ಹೋಲ್ಡಾನ್, ಅಮ್ಮ ಇಳೀತಾರೆ."
ಕೋಲು ಮೊದಲು. ಆಮೇಲೆ ಬಲಗಾಲು, ನೋಡಿದೆ.
ಎಡಗಾಲು, ನೋಡಿದೆ. ಎರಡೂ ಚಪ್ಪಲಿ.
ಹಿಂದಿನ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು.
ತಿರುಗದೆ, ಬಸ್ಸಿನ ತಗಡಿಗೆ ಎರಡು ಸಲ ತಟ್ಟಿ
ನಾನೇ ಹೇಳಿದೆ:
ರೈಟ್.